ಒಣಗಾಲದ ತೋಟ, ಪೆಟ್ರೋಲ್ ಕ್ಯಾನ್ ಮತ್ತು ಕಾಣದ ಕಿಡಿ

ಫೆಬ್ರುವರಿ ಹೊತ್ತಿಗೆ ಸಕಲೇಶಪುರ, ಆಲೂರು ಸೀಮೆಯ ರೊಬಸ್ಟಾ ಕಾಫಿ ತೋಟಗಳಲ್ಲಿ ಕೊಯ್ಲು ಮುಗಿಯುತ್ತ ಬರುತ್ತದೆ. ಗಿಡದ ಗೆಣ್ಣುಗಳಲ್ಲಿ ಮೊಗ್ಗು ಬಲಿತು ನೀರಿಗೆ ಕಾಯುತ್ತಿರುತ್ತದೆ. ಹೂಮಳೆ ಹೊತ್ತಿಗೆ ಸರಿಯಾಗಿ ಬಂದರೆ ಆಯಿತು, ಬಾರದಿದ್ದರೆ ಕೆರೆಗೋ ಹಳ್ಳಕ್ಕೋ ಪಂಪ್ ಇಳಿಸಿ ಸ್ಪ್ರಿಂಕ್ಲರ್ ಹಾಕಲೇಬೇಕು. ಹೂವು ಅರಳಿದ ಮೇಲೆ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ನೀರನ್ನೂ ಕೊಡಬೇಕು. ಈ ದಿನಗಳಲ್ಲಿ ತೋಟದಲ್ಲಿ ಎಂಜಿನ್ನುಗಳಿಗೆ ಬಿಡುವಿಲ್ಲ. ದೊಡ್ಡ ಪಂಪುಗಳು ಡೀಸೆಲ್ ಕುಡಿಯುತ್ತವೆ. ಸಣ್ಣ ಪಂಪು, ಮರಗಸಿಯ ಚೈನ್ ಸಾ, ಗುಂಡಿ ತೋಡುವ ಮಿಷನ್, ಔಷಧಿ ಹೊಡೆಯುವ ಪವರ್ ಸ್ಪ್ರೇಯರ್, ಕರೆಂಟು ಹೋದಾಗಿನ ಜನರೇಟರ್, ಇವುಗಳಲ್ಲಿ ಬಹುಪಾಲು ಪೆಟ್ರೋಲಿನವು. ಬಂಕಿನಿಂದ ಪಿಕಪ್ಪಿನಲ್ಲಿ ಕ್ಯಾನ್ ಬರುತ್ತದೆ. ಕ್ಯಾನಿನಿಂದ ಆಲಿಕೆ ಹಿಡಿದು ಮಿಷನ್ನಿನ ಟ್ಯಾಂಕಿಗೆ ಸುರಿಯುತ್ತಾರೆ. ಎರಡು ನಿಮಿಷದ ಕೆಲಸ. ಇಷ್ಟು ಸಣ್ಣ ಕೆಲಸಕ್ಕೆ ಯಾರೂ ಯೋಚನೆ ಮಾಡುವುದಿಲ್ಲ.

ಯೋಚಿಸದಿರುವುದಕ್ಕೆ ಕಾರಣವೂ ಇದೆ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೂ ಬಟ್ಟೆ ಒಣಗದ, ಗೋಡೆ ಬೆವರುವ, ಬೆಂಕಿಪೊಟ್ಟಣವೇ ಮೆತ್ತಗಾಗುವ ನಾಡು ಇದು. ಹೆತ್ತೂರು, ವನಗೂರು, ಬಿಸಿಲೆ ಕಡೆಯಲ್ಲಂತೂ ಮಳೆ ಬಿಟ್ಟರೆ ಮಂಜು. ಒಣಹವೆಯಿಂದ ಹುಟ್ಟುವ ಅಪಾಯವೆಲ್ಲ ಬಯಲುಸೀಮೆಗೆ ಸೇರಿದ್ದು ಎಂಬ ಭಾವನೆ ಇಲ್ಲಿ ತಾನಾಗಿ ಬೆಳೆದಿದೆ, ಎಣ್ಣೆ ಸುರಿಯುವ ರೂಢಿಗಳೂ ಅದೇ ಧೈರ್ಯದಲ್ಲಿ ಬೆಳೆದಿವೆ. ಆದರೆ ಫೆಬ್ರುವರಿ, ಮಾರ್ಚ್ ತಿಂಗಳ ನಡುಹಗಲಲ್ಲಿ ಇದೇ ಗುಡ್ಡಗಳ ಗಾಳಿ ಬೇರೆಯೇ ಆಗಿರುತ್ತದೆ. ಬೆಳಗಿನ ಇಬ್ಬನಿ ಹತ್ತು ಗಂಟೆಗೆ ಆರಿ, ಸಿಲ್ವರ್ ಓಕ್ ಎಲೆಗಳು ಕಾಲಡಿಯಲ್ಲಿ ಹಪ್ಪಳದ ಹಾಗೆ ಮುರಿಯುತ್ತವೆ. ಮಳೆ ಕಡಿಮೆ ಬೀಳುವ ಆಲೂರು, ಪಾಳ್ಯ, ಮಗ್ಗೆ ಕಡೆ ಇದು ಇನ್ನೂ ಹೆಚ್ಚು. ಸ್ಥಿರ ವಿದ್ಯುತ್ತು ನಿಲ್ಲುವುದಕ್ಕೆ ಇಂಥ ಹವೆಯೇ ಬೇಕು. ವರ್ಷದಲ್ಲಿ ಅತ್ಯಂತ ಒಣಗಿದ ದಿನಗಳೂ ಪಂಪಿಗೆ ಪದೇಪದೇ ಎಣ್ಣೆ ತುಂಬಬೇಕಾದ ದಿನಗಳೂ ಇಲ್ಲಿ ಒಂದೇ.

ಸ್ಥಿರ ವಿದ್ಯುತ್ತು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಜನವರಿಯ ರಾತ್ರಿ ಸ್ವೆಟರ್ ಬಿಚ್ಚುವಾಗ ಚಟಚಟ ಎನ್ನುವುದು ಅದೇ. ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲ ಕಬ್ಬಿಣದ ಚಿಲಕ ಮುಟ್ಟಿದಾಗ ಬೆರಳಿಗೆ ಚುರುಕ್ ಎನ್ನುವುದೂ ಅದೇ. ಎರಡು ವಸ್ತುಗಳು ಒಂದಕ್ಕೊಂದು ತಾಗಿ, ಉಜ್ಜಿ, ಬೇರೆಯಾದಾಗ ಒಂದರ ಎಲೆಕ್ಟ್ರಾನುಗಳು ಇನ್ನೊಂದಕ್ಕೆ ದಾಟುತ್ತವೆ. ಗಾಳಿಯಲ್ಲಿ ತೇವವಿದ್ದರೆ ವಸ್ತುಗಳ ಮೈಮೇಲೆ ಕಣ್ಣಿಗೆ ಕಾಣದ ತೆಳುವಾದ ನೀರಿನ ಪದರ ಕಟ್ಟಿಕೊಂಡು, ಸೇರಿದ ವಿದ್ಯುತ್ತು ಅದರ ಮೂಲಕ ಆಗಿಂದಾಗ್ಗೆ ಸೋರಿಹೋಗುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 60ರ ಮೇಲಿದ್ದರೆ ಈ ಸೋರಿಕೆ ಚೆನ್ನಾಗಿ ನಡೆಯುತ್ತದೆ. ಶೇಕಡಾ 40ಕ್ಕಿಂತ ಕೆಳಗಿಳಿದರೆ ಆ ಪದರ ಆರಿಹೋಗಿ, ಹುಟ್ಟಿದ ವಿದ್ಯುತ್ತು ಹುಟ್ಟಿದಲ್ಲೇ ನಿಲ್ಲುತ್ತದೆ. ಹಾಗೆ ನಿಂತದ್ದು ದಾರಿ ಸಿಕ್ಕಿದ ಕೂಡಲೇ ಒಮ್ಮೆಲೇ ಹಾರುತ್ತದೆ. ಆ ಹಾರಿಕೆಯೇ ಕಿಡಿ.

ಈ ಕಿಡಿಯ ಲೆಕ್ಕ ತಿಳಿದರೆ ಯಾರಾದರೂ ಒಮ್ಮೆ ಬೆಚ್ಚುತ್ತಾರೆ. ಮನುಷ್ಯನ ಮೈಯಲ್ಲಿ ಸ್ಥಿರ ವಿದ್ಯುತ್ತು ಸುಮಾರು 3,000 ವೋಲ್ಟಿಗೆ ಏರಿದ ಮೇಲಷ್ಟೇ ಬೆರಳಿಗೆ ಅದರ ಚುರುಕು ಗೊತ್ತಾಗುವುದು. ಅಷ್ಟರಲ್ಲಿ ಆ ಕಿಡಿಯ ಶಕ್ತಿ ಅರ್ಧ ಮಿಲಿಜೂಲ್ ದಾಟಿರುತ್ತದೆ. ಗಾಳಿಯೊಂದಿಗೆ ಹದವಾಗಿ ಬೆರೆತ ಪೆಟ್ರೋಲ್ ಆವಿ ಹೊತ್ತಿಕೊಳ್ಳಲು ಕಾಲು ಮಿಲಿಜೂಲಿನ ಆಸುಪಾಸಿನ ಶಕ್ತಿ ಸಾಕು. ಅಂದರೆ ಕೈಗೆ ಗೊತ್ತೇ ಆಗದ, ಕಣ್ಣಿಗೆ ಕಾಣದ, ಸದ್ದೂ ಇಲ್ಲದ ಕಿಡಿಯೊಂದು ಬೆಂಕಿ ಹಚ್ಚಬಲ್ಲದು. ‘ಇಷ್ಟು ವರ್ಷದಲ್ಲಿ ಒಂದು ಕಿಡಿಯನ್ನೂ ಕಂಡಿಲ್ಲ’ ಎಂದು ಯಾರಾದರೂ ಹೇಳಿದರೆ ಅದು ನಿಜವೇ ಇರಬಹುದು. ಕಿಡಿ ಹುಟ್ಟಿರಲಿಲ್ಲ ಎನ್ನುವುದಕ್ಕೆ ಅದು ಸಾಕ್ಷಿಯಾಗದು.

ಕಿಡಿಯಷ್ಟೇ ಮುಖ್ಯವಾದದ್ದು ಆವಿ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಮಾರ್ಚ್ ಬಿಸಿಲಿನಲ್ಲಿ ಎಷ್ಟು ಬಿಡುತ್ತದೆಂದು ಬೇರೆ ಹೇಳಬೇಕಿಲ್ಲ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಆವಿ ಸೇರಿದರೂ ಉರಿಯಲು ಸಾಕು. ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ ಅದು ಮೇಲೆ ಹಾರಿಹೋಗದೆ ನೆಲಕ್ಕಿಳಿದು, ಇಳಿಜಾರಿದ್ದ ಕಡೆ ಹರಿಯುತ್ತದೆ. ಮಲೆನಾಡಿನಲ್ಲಿ ಪಂಪ್ ಇಡುವುದು ಯಾವಾಗಲೂ ತಗ್ಗಿನಲ್ಲಿ, ಕೆರೆಯ ದಡದ ಕೆಳಗೆ, ಗಾಳಿಯಾಡದ ಗುಂಡಿಯಲ್ಲಿ. ಮೇಲೆ ನಿಂತು ಸುರಿದ ಎಣ್ಣೆಯ ಆವಿ ಕೆಳಗೆ ಓಡುತ್ತಿರುವ ಇನ್ನೊಂದು ಎಂಜಿನ್ನಿನ ಬಳಿಗೆ ತಾನಾಗಿ ಹೋಗಿ ಸೇರುತ್ತದೆ. ಡೀಸೆಲ್ಲಿಗೆ ಈ ಗುಣವಿಲ್ಲ. ಅದು ಹೀಗೆ ಆವಿ ಬಿಡಬೇಕಾದರೆ 35 ಡಿಗ್ರಿಗೂ ಹೆಚ್ಚು ಕಾಯಬೇಕು. ಡೀಸೆಲ್ ಪಂಪಿನ ಜೊತೆ ಇಪ್ಪತ್ತು ವರ್ಷ ಕಳೆದವರು ಅದೇ ಸಲುಗೆಯನ್ನು ಪೆಟ್ರೋಲಿನ ಜೊತೆ ತೋರಿಸುವುದೇ ಹಲವು ತೋಟಗಳಲ್ಲಿ ಕಾಣುವ ತಪ್ಪು.

ಇಂಥ ಬೆಂಕಿಗಳನ್ನು ದಾಖಲಿಸುವ ಕೆಲಸ ಗಂಭೀರವಾಗಿ ನಡೆದದ್ದು ಅಮೆರಿಕದಲ್ಲಿ. ಅಲ್ಲಿ ಬಂಕುಗಳಲ್ಲಿ ಜನ ತಾವೇ ಎಣ್ಣೆ ತುಂಬಿಕೊಳ್ಳುತ್ತಾರೆ. ಚಳಿಗಾಲದ ಒಣಹವೆಯಲ್ಲಿ ನಾಝಲ್ ಸಿಕ್ಕಿಸಿ, ಚಳಿಯೆಂದು ಕಾರಿನೊಳಗೆ ಹೋಗಿ ಕೂತು, ಮತ್ತೆ ಇಳಿದು ನಾಝಲ್ ಮುಟ್ಟಿದವರ ಕೈಯಡಿಯಲ್ಲೇ ಬೆಂಕಿ ಎದ್ದ ಪ್ರಸಂಗಗಳು 1990ರ ದಶಕದಲ್ಲಿ ಒಂದೊಂದಾಗಿ ಬೆಳಕಿಗೆ ಬಂದವು. ಪೆಟ್ರೋಲಿಯಂ ಇಕ್ವಿಪ್‌ಮೆಂಟ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ನೂರೈವತ್ತಕ್ಕೂ ಹೆಚ್ಚು ಇಂಥ ವರದಿಗಳನ್ನು ಕಲೆಹಾಕಿತು. ಸೀಟಿನ ಬಟ್ಟೆಗೆ ಮೈ ಉಜ್ಜಿ ಎದ್ದು ಬಂದವರ ಬೆರಳ ತುದಿಯ ಕಿಡಿಯೇ ಅವುಗಳಲ್ಲಿ ಎದ್ದು ಕಂಡ ಕಾರಣ. ಮೊಬೈಲ್ ಫೋನಿನಿಂದ ಬೆಂಕಿ ಹತ್ತಿತು ಎಂದು ಜನ ಹೇಳಿದ ಘಟನೆಗಳನ್ನೂ ಅವರು ಪರಿಶೀಲಿಸಿದರು. ಫೋನೇ ಕಾರಣವೆಂದು ಖಚಿತವಾದದ್ದು ಒಂದೂ ಸಿಗಲಿಲ್ಲ. ಅದೇ ದಶಕದಲ್ಲಿ ಅಲ್ಲಿನ ಕಾರ್ಮಿಕ ಸುರಕ್ಷತೆಯ ಸರ್ಕಾರಿ ಸಂಸ್ಥೆ ನಯೋಶ್ ಇನ್ನೊಂದು ಎಚ್ಚರಿಕೆ ಕೊಟ್ಟಿತು. ಪಿಕಪ್ ಗಾಡಿಯ ಹಿಂಬದಿಗೆ ಹಾಸಿದ ಪ್ಲಾಸ್ಟಿಕ್ ಹಾಸಿನ ಮೇಲೆಯೇ ಕ್ಯಾನ್ ಇಟ್ಟು ಪೆಟ್ರೋಲ್ ತುಂಬಬೇಡಿ ಎಂಬುದು ಅದರ ಸಾರ.

ಸಕಲೇಶಪುರದವರಿಗೆ ಬೇಕಾದದ್ದು ಈ ಎರಡನೆಯ ಎಚ್ಚರಿಕೆ. ನಮ್ಮಲ್ಲಿ ಬಂಕಿನ ಹುಡುಗರೇ ಎಣ್ಣೆ ಹಾಕುವುದರಿಂದ ಕಾರಿನ ಪ್ರಸಂಗ ಅಪರೂಪ. ಆದರೆ ಪಿಕಪ್ಪಿನ ಹಿಂಬದಿಯಲ್ಲಿ ರಸಗೊಬ್ಬರದ ಪ್ಲಾಸ್ಟಿಕ್ ಚೀಲವೋ ಟಾರ್ಪಾಲೋ ರಬ್ಬರ್ ಮ್ಯಾಟೋ ಇದ್ದೇ ಇರುತ್ತದೆ, ಕ್ಯಾನ್ ಅದರ ಮೇಲೆ ಕೂತಿರುತ್ತದೆ. ಪೆಟ್ರೋಲ್ ಸ್ವತಃ ವಿದ್ಯುತ್ತನ್ನು ಸುಲಭವಾಗಿ ಹರಿಯಬಿಡದ ದ್ರವ. ಕೊಳವೆಯಲ್ಲಿ ಓಡುವಾಗ, ಜಾಲರಿಯಲ್ಲಿ ಸೋಸುವಾಗ, ಎತ್ತರದಿಂದ ಬಿದ್ದು ಚಿಮ್ಮುವಾಗ, ಕಲ್ಲುರಸ್ತೆಯಲ್ಲಿ ಕ್ಯಾನಿನೊಳಗೆ ಕುಲುಕಾಡುವಾಗ ಅದರಲ್ಲಿ ವಿದ್ಯುತ್ತು ಸೇರುತ್ತದೆ. ಕಬ್ಬಿಣದ ಕ್ಯಾನ್ ನೆಲದ ಮೇಲಿದ್ದರೆ ಅದು ಭೂಮಿಗಿಳಿದು ಹೋಗುತ್ತದೆ. ಪ್ಲಾಸ್ಟಿಕ್ ಹಾಸಿನ ಮೇಲಿದ್ದರೆ ಇಳಿಯಲು ದಾರಿಯಿಲ್ಲ. ಕ್ಯಾನಿನ ಮೈಯೆಲ್ಲ ವಿದ್ಯುತ್ತು ಹೊತ್ತು ಕೂತಿರುತ್ತದೆ. ಇನ್ನು ಡ್ರೈವರ್. ಟೆರಿಕಾಟ್ ಪ್ಯಾಂಟಿನಲ್ಲಿ ರೆಕ್ಸಿನ್ ಸೀಟಿನ ಮೇಲಿಂದ ಜಾರಿ ಇಳಿದು, ರಬ್ಬರ್ ಗಮ್‌ಬೂಟಿನಲ್ಲಿ ನಾಲ್ಕು ಹೆಜ್ಜೆ ನಡೆದು, ನೇರವಾಗಿ ಕ್ಯಾನಿನ ಮುಚ್ಚಳಕ್ಕೆ ಕೈ ಹಾಕುತ್ತಾನೆ. ಅಮೆರಿಕದ ಕಾರಿನವರು ಮಾಡಿದ್ದೂ ಇದನ್ನೇ. ಗಮ್‌ಬೂಟು ಹಾವಿನಿಂದಲೂ ಜಿಗಣೆಯಿಂದಲೂ ಕಾಪಾಡುವುದು ನಿಜ, ಅದನ್ನು ಬಿಡಬೇಕೆಂದು ಯಾರೂ ಹೇಳಬಾರದು. ಆದರೆ ಅದನ್ನು ತೊಟ್ಟವನ ಮೈಯ ವಿದ್ಯುತ್ತು ನೆಲಕ್ಕೆ ಇಳಿಯುವುದಿಲ್ಲ. ಆದ್ದರಿಂದ ಕ್ಯಾನ್ ಮುಟ್ಟುವ ಮುಂಚೆ, ಎಣ್ಣೆಯಿಂದ ದೂರವಿರುವ ಬೇಲಿಯ ಕಬ್ಬಿಣದ ಕಂಬವನ್ನೋ ನೆಲಕ್ಕೆ ಊರಿದ ಪೈಪನ್ನೋ ಬರಿಗೈಯಲ್ಲಿ ಮುಟ್ಟಬೇಕು. ಏನೂ ಸಿಗದಿದ್ದರೆ ಕೂತು ಹಸಿಮಣ್ಣಿಗೆ ಅಂಗೈ ಊರಿದರೂ ಆದೀತು. ಸೋಲಾರ್ ಬೇಲಿಯ ತಂತಿಗೆ ಮಾತ್ರ ಕೈ ಹಾಕಬಾರದು ಎಂಬುದನ್ನು ಆನೆ ಓಡಾಡುವ ಈ ಸೀಮೆಯಲ್ಲಿ ಹೇಳಲೇಬೇಕು.

ಆಲಿಕೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ತೋಟದ ಶೆಡ್ಡಿನಲ್ಲಿ ನೇತಾಡುವ ಆಲಿಕೆ ಸಾಮಾನ್ಯವಾಗಿ ಕೆಂಪು ಅಥವಾ ನೀಲಿ ಪ್ಲಾಸ್ಟಿಕ್ಕಿನದು, ಅದರ ಹೊಟ್ಟೆಯಲ್ಲಿ ಕಸ ತಡೆಯಲು ಹಿತ್ತಾಳೆಯದೋ ಸ್ಟೀಲಿನದೋ ದುಂಡನೆಯ ಜಾಲರಿ. ಸೋಸುವುದು ಒಳ್ಳೆಯದೇ, ಕಾರ್ಬೊರೇಟರ್ ಉಳಿಯುತ್ತದೆ. ಆದರೆ ಸುತ್ತಲೂ ಪ್ಲಾಸ್ಟಿಕ್ ಇರುವುದರಿಂದ ಆ ಲೋಹದ ಜಾಲರಿ ಯಾವುದಕ್ಕೂ ತಾಗಿರುವುದಿಲ್ಲ. ಸುರಿಯುವ ಪೆಟ್ರೋಲಿನ ವಿದ್ಯುತ್ತೆಲ್ಲ ಅದರಲ್ಲಿ ಶೇಖರವಾಗುತ್ತದೆ. ಅದರಿಂದ ಒಂದಿಷ್ಟು ಅಂತರದಲ್ಲಿ ಮಿಷನ್ನಿನ ಟ್ಯಾಂಕಿನ ಲೋಹದ ಬಾಯಿ ಇರುತ್ತದೆ, ನಡುವೆ ಗಾಳಿಯೂ ಆವಿಯೂ ಬೆರೆತು ನಿಂತಿರುತ್ತದೆ. ಕಿಡಿ ಹಾರಲು ಬೇಕಾದದ್ದೆಲ್ಲ ಒಂದು ಗೇಣಿನೊಳಗೆ ಸೇರಿಕೊಂಡಂತಾಯಿತು. ಜಾಲರಿ ಹರಿದಾಗ ಕೆಲವರು ನೈಲಾನ್ ಸೀರೆಯ ಚೂರನ್ನು ಕಟ್ಟುತ್ತಾರೆ, ಅದು ಇನ್ನೂ ಕೆಟ್ಟದ್ದು. ಅಂಥ ಬಟ್ಟೆಯಲ್ಲಿ ಸೋಸಿದಷ್ಟೂ ವಿದ್ಯುತ್ತು ಹುಟ್ಟುತ್ತದೆ. ತಗಡಿನ ಆಲಿಕೆ, ಅದಕ್ಕೆ ಬೆಸೆದ ಲೋಹದ ಜಾಲರಿ, ಅದು ಟ್ಯಾಂಕಿನ ಅಂಚಿಗೆ ಒತ್ತಿಕೊಂಡಿರುವುದು, ಕ್ಯಾನಿನ ಮೂತಿ ಆಲಿಕೆಗೆ ತಾಗಿಯೇ ಇರುವುದು: ಹೀಗಿದ್ದರೆ ಕ್ಯಾನಿಗೂ ಟ್ಯಾಂಕಿಗೂ ನಡುವೆ ವ್ಯತ್ಯಾಸವೇ ಉಳಿಯದೆ ಕಿಡಿಗೆ ಎಡೆಯಿರುವುದಿಲ್ಲ. ತಗಡಿನ ಕೆಲಸ ಮಾಡುವವರು ಇಂಥದ್ದೊಂದನ್ನು ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ.

ದೊಡ್ಡ ಪ್ರಮಾಣದಲ್ಲಿ ಇದೇ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ರಾಷ್ಟ್ರೀಯ ಹೆದ್ದಾರಿ 75ರ ಯಾವ ಬಂಕಿನಲ್ಲಾದರೂ ನೋಡಬಹುದು. ಟ್ಯಾಂಕರ್ ಬಂದು ನಿಂತ ಮೇಲೆ ಸಿಬ್ಬಂದಿ ಕೊಳವೆ ಜೋಡಿಸುವ ಮುಂಚೆ ಒಂದು ತಂತಿಯ ಕ್ಲಿಪ್ಪನ್ನು ಟ್ಯಾಂಕರಿನ ಲೋಹಕ್ಕೆ ಕಚ್ಚಿಸುತ್ತಾರೆ. ಅದು ಅರ್ಥಿಂಗ್. ಕೂಡಲೇ ಸುರಿಯುವುದೂ ಇಲ್ಲ, ಎಣ್ಣೆ ಒಳಗೆ ನೆಲೆಗೊಳ್ಳಲು ಸ್ವಲ್ಪ ಹೊತ್ತು ಬಿಡುತ್ತಾರೆ. ಘಾಟಿ ಹತ್ತಿ ಬಂದ ಪಿಕಪ್ಪಿನ ಕ್ಯಾನಿಗೂ ಹೀಗೆಯೇ ಕೆಳಗಿಳಿಸಿ ಕೆಲವು ನಿಮಿಷ ಬಿಡುವು ಕೊಡುವುದು ಒಳ್ಳೆಯದು.

ಕ್ಯಾನಿನ ವಿಷಯಕ್ಕೆ ಬಂದರೆ ಕಾನೂನು ಬಹಳ ಹಿಂದೆಯೇ ಮಾತಾಡಿದೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದೆ ಸ್ವಂತ ಬಳಕೆಗೆ 30 ಲೀಟರಿನವರೆಗೆ ಪೆಟ್ರೋಲನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಯಾವ ಪಾತ್ರೆಯಲ್ಲಿ? ಬಿಗಿಯಾಗಿ ಮುಚ್ಚಿದ ಗಾಜಿನ, ಪಿಂಗಾಣಿ ಜಾತಿಯ ಅಥವಾ ಲೋಹದ ಪಾತ್ರೆಯಲ್ಲಿ. ಗಾಜು, ಪಿಂಗಾಣಿಯದಾದರೆ ಒಂದು ಲೀಟರಿಗಿಂತ ದೊಡ್ಡದಿರಬಾರದು, ಲೋಹದ್ದಾದರೆ 25 ಲೀಟರಿಗಿಂತ ದೊಡ್ಡದಿರಬಾರದು. ಪ್ಲಾಸ್ಟಿಕ್ಕಿನ ಹೆಸರೇ ಅಲ್ಲಿಲ್ಲ. ಬಂಕುಗಳಲ್ಲಿ ‘ಬಾಟಲಿಗೆ ಪೆಟ್ರೋಲ್ ಹಾಕುವುದಿಲ್ಲ’ ಎಂಬ ಬೋರ್ಡು ಕಂಡು ಮುಖ ಸಿಂಡರಿಸುವವರು ಬಹಳ. ಐದು ಕಿಲೋಮೀಟರ್ ಒಳಗಿನ ತೋಟದಲ್ಲಿ ಮಿಷನ್ ನಿಂತಿರುವಾಗ ಬರುವ ಸಿಟ್ಟು ಅರ್ಥವಾಗುವಂಥದ್ದು. ಮಿಷನ್ನನ್ನೇ ಬಂಕಿಗೆ ಹೊತ್ತು ತರಲಾಗುವುದಿಲ್ಲವಲ್ಲ. ಆ ಸಿಟ್ಟಿನಲ್ಲಿ ಬೈಕಿನ ಟ್ಯಾಂಕಿನಿಂದ ಟ್ಯೂಬ್ ಹಾಕಿ ಬಾಯಲ್ಲಿ ಎಳೆಯುವುದು ಶ್ವಾಸಕೋಶಕ್ಕೇ ಆಪತ್ತು. ಮಲೆನಾಡಿನ ಹಳೆಯ ಜೀಪುಗಳ ಹಿಂದೆ ಕಾಣುತ್ತಿದ್ದ 20 ಲೀಟರಿನ ಉಕ್ಕಿನ ಜೆರ್ರಿ ಕ್ಯಾನ್ ಈ ತೊಡಕಿಗೆ ಇಂದಿಗೂ ಸರಿಯಾದ ಉತ್ತರ. ಅಡುಗೆ ಎಣ್ಣೆಯ ಡಬ್ಬ, ಕಳೆನಾಶಕದ ಖಾಲಿ ಕ್ಯಾನ್, ಕುಡಿಯುವ ನೀರಿನ ಬಾಟಲಿ, ಇವು ಯಾವುದೂ ಪೆಟ್ರೋಲಿಗಾಗಿ ಹುಟ್ಟಿದವಲ್ಲ. ಪ್ಲಾಸ್ಟಿಕ್ಕಿನ ಮೈಮೇಲೆ ಸೇರಿದ ವಿದ್ಯುತ್ತು ನೆಲಕ್ಕಿಟ್ಟರೂ ಪೂರ್ತಿ ಇಳಿಯುವುದಿಲ್ಲ. ನೀರಿನ ಬಾಟಲಿಯಲ್ಲಿದ್ದರೆ ಬಾಯಾರಿದ ಮಗುವಿನ ಕೈಗೆ ಸಿಗುವ ಭಯ ಬೇರೆ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಸೇರಿದ ಪೆಟ್ರೋಲ್ ವಿದ್ಯುತ್ತನ್ನು ಮೊದಲಿಗಿಂತ ಸುಲಭವಾಗಿ ಹರಿಯಬಿಡುತ್ತದೆ, ಆದ್ದರಿಂದ ದ್ರವದೊಳಗೆ ಸೇರುವ ವಿದ್ಯುತ್ತಿನ ಅಪಾಯ ಕಡಿಮೆಯಾಗಿದೆ. ಮನುಷ್ಯನ ಮೈಯಲ್ಲಿ, ಪ್ಲಾಸ್ಟಿಕ್ ಕ್ಯಾನಿನ ಹೊರಮೈಯಲ್ಲಿ ಹುಟ್ಟುವ ವಿದ್ಯುತ್ತಿಗೆ ಇದರಿಂದ ಯಾವ ಬದಲಾವಣೆಯೂ ಇಲ್ಲ. ಎಥನಾಲ್ ತೇವವನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿಟ್ಟ ಎಣ್ಣೆಯಲ್ಲಿ ನೀರು ಬೇರ್ಪಟ್ಟು ತಳಕ್ಕೆ ಕೂತು ಮಿಷನ್ ಕೆಡುತ್ತದೆ. ಹೀಗಾಗಿ ಬೇಕಾದಷ್ಟನ್ನೇ ತಂದು ಬೇಗ ಮುಗಿಸುವುದು ಮಿಷನ್ನಿಗೂ ಒಳ್ಳೆಯದು, ಮನೆಗೂ ಒಳ್ಳೆಯದು.

ಮಳೆ ಹಿಡಿದ ಮೇಲೆ ಚಿತ್ರ ಬದಲಾಗುತ್ತದೆ. ಕಳೆ ಕೊಚ್ಚುವ ವೀಡ್ ಕಟರುಗಳು ಎಲ್ಲ ತೋಟಗಳಲ್ಲೂ ಗುಂಯ್‌ಗುಡುವ ಆ ತಿಂಗಳುಗಳಲ್ಲಿ ಸ್ಥಿರ ವಿದ್ಯುತ್ತು ಹೆಚ್ಚುಕಡಿಮೆ ಮಲಗಿರುತ್ತದೆ. ಆಗಿನ ಶತ್ರು ಬಿಸಿ. ನೇರವಾಗಿ ಹೇಳಬೇಕೆಂದರೆ ವರ್ಷವಿಡೀ ಲೆಕ್ಕ ಹಾಕಿದರೂ ಕಾದ ಸೈಲೆನ್ಸರ್, ಓಡುತ್ತಿರುವ ಎಂಜಿನ್, ತುಟಿಯಲ್ಲಿನ ಬೀಡಿ, ಇವೇ ಸ್ಥಿರ ವಿದ್ಯುತ್ತಿಗಿಂತ ಮುಂದೆ ನಿಲ್ಲುವ ಅಪಾಯಗಳು. ವೀಡ್ ಕಟರಿನಲ್ಲಿ ಟ್ಯಾಂಕೂ ಸೈಲೆನ್ಸರೂ ಒಂದು ಗೇಣು ಅಂತರದಲ್ಲಿವೆ. ಪೂರ್ತಿ ವೇಗದಲ್ಲಿ ಒಂದು ಟ್ಯಾಂಕ್ ಮುಗಿಸಿದ ಎಂಜಿನ್ನಿನ ಸೈಲೆನ್ಸರಿಗೆ ಚೆಲ್ಲಿದ ಪೆಟ್ರೋಲ್ ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಹುದು. ಗುತ್ತಿಗೆಯ ಮೇಲೆ ಎಕರೆ ಲೆಕ್ಕದಲ್ಲಿ ಕೊಚ್ಚುವವರಿಗೆ ಹತ್ತು ನಿಮಿಷ ಕಾಯುವುದೆಂದರೆ ಕೂಲಿ ಕಳೆದುಕೊಂಡ ಹಾಗೆ, ಆದ್ದರಿಂದಲೇ ಅವರು ಕಾಯುವುದಿಲ್ಲ. ಇದು ಅವರ ಅಜಾಗ್ರತೆ ಎಂದುಬಿಡುವುದು ಅನ್ಯಾಯ. ಎಣ್ಣೆ ಮುಗಿದಾಗಲೇ ನೀರು ಕುಡಿಯುವ, ಬ್ಲೇಡಿಗೆ ಅರ ಹಿಡಿಯುವ ಹೊತ್ತನ್ನು ಇಟ್ಟು, ಆ ಬಿಡುವನ್ನು ಕೂಲಿಯ ಲೆಕ್ಕದೊಳಗೇ ಸೇರಿಸುವುದು ತೋಟದ ರೈಟರ್, ಮೇಸ್ತ್ರಿಗಳ ಕೈಯಲ್ಲಿದೆ. ಎಣ್ಣೆ ತುಂಬಿದ ಜಾಗದಿಂದ ಮೂರು ಮೀಟರ್‌ನಷ್ಟಾದರೂ ಆಚೆ ಹೋಗಿ ಸ್ಟಾರ್ಟ್ ಮಾಡಿ ಎಂದು ಮಿಷನ್ ತಯಾರಕರೇ ಕೈಪಿಡಿಯಲ್ಲಿ ಬರೆದಿರುತ್ತಾರೆ. ಟ್ಯಾಂಕನ್ನು ಕತ್ತಿನವರೆಗೆ ತುಂಬದೆ ಸ್ವಲ್ಪ ಜಾಗ ಬಿಡುವುದು, ಮಿಷನ್ನನ್ನು ಬೆನ್ನಿನಿಂದ ಇಳಿಸಿ ನೆಲದ ಮೇಲಿಟ್ಟೇ ತುಂಬುವುದು, ಎರಡೂ ಬಿಡಬಾರದ ಕ್ರಮಗಳು. ಜೋರು ಮಳೆಯ ರಾತ್ರಿ ಕರೆಂಟು ಹೋದಾಗ ಓಡುತ್ತಿರುವ ಜನರೇಟರಿಗೆ ಮೋಂಬತ್ತಿ ಬೆಳಕಿನಲ್ಲಿ ಎಣ್ಣೆ ಹಾಕುವುದಂತೂ ಬೇಡವೇ ಬೇಡ. ಕತ್ತಲಾಗುವ ಮುಂಚೆಯೇ ತುಂಬಿಟ್ಟುಕೊಂಡರೆ ಆ ಪರಿಸ್ಥಿತಿಯೇ ಬರುವುದಿಲ್ಲ.

ಬೆಂಕಿ ಎದ್ದೇಬಿಟ್ಟರೆ? ಮೊದಲ ಕ್ಷಣದಲ್ಲಿ ಎಲ್ಲರೂ ಮಾಡುವುದು ಕ್ಯಾನನ್ನು ಎಸೆಯುವುದು ಅಥವಾ ಎಳೆಯುವುದು. ಆಗ ಉರಿಯುವ ಎಣ್ಣೆ ಕೈಗೆ, ಬಟ್ಟೆಗೆ, ಪಕ್ಕದವನ ಮೈಗೆ ಚೆಲ್ಲುತ್ತದೆ. ಕೈ ಬಿಟ್ಟು ಹಿಂದೆ ಸರಿಯಬೇಕು. ನೀರು ಸುರಿದರೆ ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡು ಉರಿಯುತ್ತಲೇ ಹರಿಯುತ್ತದೆ. ಮರಳು ಅಥವಾ ಒಣಪುಡಿಯ ಅಗ್ನಿಶಾಮಕ ಸಿಲಿಂಡರ್ ಬೇಕು. ಪಂಪ್ ಇಡುವ ಜಾಗದಲ್ಲಿ ಎರಡು ಬಕೆಟ್ ಮರಳು ಇಡಲು ಖರ್ಚೇನೂ ಇಲ್ಲ. ಒಣಗಾಲದಲ್ಲಿ ಎಣ್ಣೆ ತುಂಬುವ ಜಾಗದ ಸುತ್ತ ತರಗೆಲೆ ಗುಡಿಸಿಡುವುದು ಅದಕ್ಕಿಂತ ಮುಖ್ಯ. ಅರಣ್ಯ ಇಲಾಖೆಯವರು ಅದೇ ದಿನಗಳಲ್ಲಿ ಕಾಡಂಚಿನಲ್ಲಿ ಬೆಂಕಿರೇಖೆ ಕಡಿಯುತ್ತಿರುತ್ತಾರೆ. ಪಂಪಿನ ಸುತ್ತ ಬೇಕಾದದ್ದೂ ಅದರದೇ ಸಣ್ಣ ರೂಪ. ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರನ್ನು ಇಪ್ಪತ್ತು ನಿಮಿಷ ಬಿಡಬೇಕು. ಪೇಸ್ಟು, ಶಾಯಿ, ಅರಿಶಿನ, ಕೊಬ್ಬರಿ ಎಣ್ಣೆ ಬಳಿದರೆ ಡಾಕ್ಟರಿಗೆ ಗಾಯ ತೊಳೆಯುವುದೇ ಮೊದಲ ಕೆಲಸವಾಗುತ್ತದೆ. ಸಕಲೇಶಪುರದಿಂದ ಹಾಸನದ ದೊಡ್ಡಾಸ್ಪತ್ರೆಗೆ ಸುಮಾರು 40 ಕಿಲೋಮೀಟರ್. ಹೆತ್ತೂರು ಕಡೆಯ ಒಳತೋಟಗಳಿಂದ ಹೊರಟವರಿಗೆ ರಸ್ತೆ ಮುಟ್ಟುವುದಕ್ಕೇ ಸಮಯ ಹಿಡಿಯುತ್ತದೆ. ಮೊದಲ ಆ ಇಪ್ಪತ್ತು ನಿಮಿಷ ತೋಟದಲ್ಲೇ ಕಳೆಯಬೇಕಾದದ್ದು.

ಇದನ್ನೆಲ್ಲ ಯಾರಿಗೆ ಹೇಳಬೇಕು ಎಂಬುದೂ ಒಂದು ಪ್ರಶ್ನೆ. ಮಿಷನ್ ಹಿಡಿಯುವವರು ಈಗ ಹಲವು ತೋಟಗಳಲ್ಲಿ ಅಸ್ಸಾಮಿನಿಂದಲೋ ಉತ್ತರದ ಇನ್ನೊಂದು ರಾಜ್ಯದಿಂದಲೋ ಬಂದ ಹುಡುಗರು. ಮಿಷನ್ನಿನ ಜೊತೆ ಬರುವ ಇಂಗ್ಲಿಷ್ ಪುಸ್ತಕವೂ, ಶೆಡ್ಡಿನ ಗೋಡೆಯ ಕನ್ನಡ ಬೋರ್ಡೂ ಅವರಲ್ಲಿ ಅನೇಕರಿಗೆ ಒಂದೇ. ಓದಿಸಿ ಪ್ರಯೋಜನವಿಲ್ಲ, ಮಾಡಿ ತೋರಿಸಬೇಕು: ಕಂಬ ಮುಟ್ಟುವುದು, ಕ್ಯಾನ್ ನೆಲಕ್ಕಿಡುವುದು, ಆಲಿಕೆ ತಾಗಿಸುವುದು, ನಿಧಾನಕ್ಕೆ ಸುರಿಯುವುದು, ಮುಚ್ಚಳ ಬಿಗಿದು ಆಚೆ ನಡೆಯುವುದು. ಇದಕ್ಕೆ ಒಳ್ಳೆಯ ಸಮಯವೂ ಪಂಚಾಂಗದಲ್ಲೇ ಸಿಗುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹಡಗೊಂದು ಸ್ಫೋಟಗೊಂಡಾಗ ಬೆಂಕಿ ನಂದಿಸಲು ಹೋಗಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆ ಹೊತ್ತಿಗೆ ಹೂವಿನ ನೀರಿನ ಕೆಲಸ ಮುಗಿದಿರುತ್ತದೆ, ಕಳೆಯ ಕೆಲಸ ಇನ್ನೂ ಶುರುವಾಗಿರುವುದಿಲ್ಲ. ಶಾಲೆ, ಕಚೇರಿಗಳಲ್ಲಿ ನಡೆಯುವ ಪ್ರಾತ್ಯಕ್ಷಿಕೆಯನ್ನು ಬೆಳೆಗಾರರ ಸಂಘಗಳು ಕೇಳಿಕೊಂಡು ಹೋಬಳಿಗೊಂದು ತೋಟದ ಕಣದಲ್ಲಿ ನಡೆಸಿದರೆ, ವೀಡ್ ಕಟರ್ ಹೊರುವವರು ತಮ್ಮ ತಮ್ಮ ಮಿಷನ್, ಕ್ಯಾನ್, ಆಲಿಕೆಗಳನ್ನು ತಂದೇ ಬರಬಹುದು.